ಗೊಂಬೆಗಳ ಬೇಸ್‌ಬಾಲೋ, ಟಿವಿಯ ಬೇಸ್‌ಬಾಲೋ: ಜಪಾನಿನ ಗೇಮ್‌ಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ಜಪಾನಿನ ಬೇಸ್‌ಬಾಲ್ ಗೇಮ್ ಕೊಳ್ಳಬೇಕೆಂದು ಹೊರಟವರಿಗೆ ಮೊದಲು ಎದುರಾಗುವುದು ಒಂದೇ ಕಂಪನಿಯ ಎರಡು ಗೇಮ್‌ಗಳು. ಕೊನಾಮಿ ಕಂಪನಿಯು 2024ರ ಜುಲೈನಲ್ಲಿ ‘ಪವರ್‌ಫುಲ್ ಪ್ರೊ ಯಾಕ್ಯೂ 2024-2025’ ಗೇಮನ್ನು ಪ್ಲೇಸ್ಟೇಷನ್ 4 ಮತ್ತು ಸ್ವಿಚ್‌ಗೆ ಹೊರತಂದಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ‘ಪ್ರೊ ಯಾಕ್ಯೂ ಸ್ಪಿರಿಟ್ಸ್ 2024-2025’ ಪ್ಲೇಸ್ಟೇಷನ್ 5 ಮತ್ತು ಸ್ಟೀಮ್‌ಗೆ ಬಂದಿತು. ಎರಡರಲ್ಲಿಯೂ ಇರುವುದು ಜಪಾನಿನ ವೃತ್ತಿಪರ ಬೇಸ್‌ಬಾಲ್‌ನ ಅದೇ ಎರಡು ಲೀಗ್‌ಗಳು, ಅದೇ 12 ತಂಡಗಳು, ಅದೇ ಆಟಗಾರರು. ಆದರೆ ಮೊದಲನೆಯದರಲ್ಲಿ ಆಟಗಾರರು ದೊಡ್ಡ ತಲೆಯ, ಕಾಲುಗಳೇ ಇಲ್ಲದೆ ಪಾದಗಳು ಮಾತ್ರ ತೇಲುವ ಗೊಂಬೆಗಳಾಗಿದ್ದಾರೆ. ಎರಡನೆಯದರಲ್ಲಿ ಅವರ ಮುಖ, ಮೈಕಟ್ಟು, ಚೆಂಡೆಸೆಯುವ ಶೈಲಿ ಎಲ್ಲವೂ ಟಿವಿಯ ನೇರಪ್ರಸಾರಕ್ಕೆ ಹತ್ತಿರವಾಗಿವೆ. ಹಾಗಾಗಿ ಮೋಜು ಬೇಕಾದವರು ಮೊದಲನೆಯದನ್ನು, ನೈಜತೆ ಬೇಕಾದವರು ಎರಡನೆಯದನ್ನು ಕೊಳ್ಳಲಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಈ ಸಲಹೆ ಅರ್ಧ ಮಾತ್ರ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಬೇಸ್‌ಬಾಲ್‌ನಲ್ಲಿ ನೈಜತೆ ಎಂಬುದು ಮುಖದ ಹೋಲಿಕೆಗಿಂತ ಹೆಚ್ಚಾಗಿ, ಆಡುವವನು ತೆಗೆದುಕೊಳ್ಳುವ ತೀರ್ಮಾನಗಳಲ್ಲಿದೆ.

ಜಪಾನಿನವರು ಮೊದಲನೆಯದನ್ನು ‘ಪವಪುರೊ’ ಎಂದೂ ಎರಡನೆಯದನ್ನು ‘ಪ್ರೊಸ್ಪಿ’ ಎಂದೂ ಕರೆಯುತ್ತಾರೆ. ಇಲ್ಲಿಯೂ ಆ ಹೆಸರುಗಳನ್ನೇ ಬಳಸುತ್ತೇನೆ. ಪವಪುರೊ 1994ರಲ್ಲಿ ನಿಂಟೆಂಡೊದ ಸೂಪರ್ ಫಾಮಿಕಾಮ್ ಎಂಬ ಗೇಮ್ ಯಂತ್ರದಲ್ಲಿ ಆರಂಭವಾಯಿತು. ಪ್ರೊಸ್ಪಿ ಹುಟ್ಟಿದ್ದು ಅದಾದ ಹತ್ತು ವರ್ಷಗಳ ನಂತರ, 2004ರಲ್ಲಿ.

ಎರಡರ ವ್ಯತ್ಯಾಸವನ್ನು ತಿಳಿಯಲು ಬ್ಯಾಟಿಂಗ್‌ನಿಂದಲೇ ಆರಂಭಿಸಬೇಕು. ಚೆಂಡೆಸೆಯುವ ಪಿಚರ್ ನಿಲ್ಲುವ ಜಾಗದಿಂದ, ಬ್ಯಾಟರ್ ನಿಲ್ಲುವ ಕಡೆಯ ಹೋಮ್ ಪ್ಲೇಟ್‌ಗೆ ಇರುವ ದೂರ 18.44 ಮೀಟರ್. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು ಕೈಬಿಟ್ಟ ಮೇಲೆ ಬ್ಯಾಟರ್‌ನನ್ನು ತಲುಪಲು ಹಿಡಿಯುವ ಸಮಯ ಸುಮಾರು 0.4 ಸೆಕೆಂಡ್. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ವೇಗ ಹೊಸದಲ್ಲ, ಆದರೆ ಇಲ್ಲಿ ಚೆಂಡು ನೆಲಕ್ಕೆ ತಾಗುವುದೇ ಇಲ್ಲ. ಅದರ ತಿರುವು, ಇಳಿತಗಳೆಲ್ಲ ಗಾಳಿಯಲ್ಲಿಯೇ, ಬಹುಪಾಲು ಕೊನೆಯ ಕೆಲವು ಮೀಟರ್‌ಗಳಲ್ಲಿಯೇ ಗೊತ್ತಾಗುತ್ತವೆ. ನಿಜವಾದ ಬ್ಯಾಟರ್ ತನ್ನ ಎರಡು ಕಣ್ಣುಗಳಿಂದ ಆಳವನ್ನು ಅಳೆಯುತ್ತಾನೆ, ಪಿಚರ್‌ನ ತೋಳು ಮತ್ತು ಬೆರಳುಗಳಿಂದ ಸುಳಿವು ಪಡೆಯುತ್ತಾನೆ. ಚಪ್ಪಟೆಯಾದ ಪರದೆಯಲ್ಲಿ ಆಳವೇ ಇಲ್ಲ. ಆದ್ದರಿಂದ ಎಷ್ಟೇ ನೈಜವೆಂದು ಹೇಳಿಕೊಳ್ಳುವ ಗೇಮ್ ಆದರೂ ಕಳೆದುಹೋದ ಆ ದೃಷ್ಟಿಗೆ ಬದಲಾಗಿ ಬೇರೇನನ್ನಾದರೂ ಕೊಡಲೇಬೇಕಾಗುತ್ತದೆ. ಆ ಬದಲಿ ಏನು ಎಂಬುದರಲ್ಲಿಯೇ ಪ್ರತಿ ಗೇಮ್‌ನ ಗುಣ ಅಡಗಿದೆ.

ಪವಪುರೊ ಕೊಡುವ ಬದಲಿ ಸರಳವಾಗಿದೆ. ಪಿಚರ್ ಚೆಂಡನ್ನು ಬಿಟ್ಟೊಡನೆ ಅದು ಎಲ್ಲಿಗೆ ಬರಲಿದೆ ಎಂಬುದಕ್ಕೆ ಪರದೆಯ ಮೇಲೆ ಒಂದು ಗುರುತು ಕಾಣಿಸಿಕೊಳ್ಳುತ್ತದೆ. ನಮ್ಮ ಕೈಯಲ್ಲಿರುವ ಕರ್ಸರನ್ನು ಅಲ್ಲಿಗೆ ಒಯ್ದು, ಸರಿಯಾದ ಕ್ಷಣಕ್ಕೆ ಬಟನ್ ಒತ್ತಬೇಕು. ಚೆಂಡಿಗೆ ಬ್ಯಾಟ್ ತಾಗಿಸುವ ಸಾಮರ್ಥ್ಯ ಹೆಚ್ಚಿರುವ ಆಟಗಾರನ ಕರ್ಸರ್ ದೊಡ್ಡದು, ಕಡಿಮೆ ಇರುವವನದು ಚಿಕ್ಕದು. ಬಲವಾಗಿ ಬೀಸುವ ಆಯ್ಕೆ ಮಾಡಿಕೊಂಡರೆ ಕರ್ಸರ್ ಬಹಳ ಕಿರಿದಾಗುತ್ತದೆ, ಆದರೆ ತಾಗಿದ ಚೆಂಡು ದೂರ ಹೋಗುತ್ತದೆ. ಕರ್ಸರ್‌ನ ನಡು ಚೆಂಡಿಗಿಂತ ಸ್ವಲ್ಪ ಕೆಳಗಿದ್ದರೆ ಚೆಂಡು ಮೇಲೇರುತ್ತದೆ, ಸ್ವಲ್ಪ ಮೇಲಿದ್ದರೆ ನೆಲಕ್ಕೆ ಬಡಿದು ಉರುಳುತ್ತದೆ. ಬೇಗ ಬೀಸಿದರೆ ಒಂದು ದಿಕ್ಕು, ತಡವಾದರೆ ಇನ್ನೊಂದು ದಿಕ್ಕು. ಗೊಂಬೆಯ ಮುಖಕ್ಕೆ ಮರುಳಾಗಿ ಇದನ್ನು ಮಕ್ಕಳಾಟವೆಂದು ತಿಳಿದವರು ಕೆಲವೇ ಇನಿಂಗ್ಸ್‌ಗಳಲ್ಲಿ ಅಭಿಪ್ರಾಯ ಬದಲಿಸಿಕೊಳ್ಳುತ್ತಾರೆ. ಉರುಟಾದ ಬ್ಯಾಟಿನಿಂದ ಉರುಟಾದ ಚೆಂಡಿಗೆ ಹೊಡೆಯುವುದರ ಕಷ್ಟವನ್ನು ಇಷ್ಟು ಸ್ಪಷ್ಟವಾಗಿ ಬೆರಳ ತುದಿಗೆ ತಂದುಕೊಡುವ ಬೇರೆ ಗೇಮ್ ನನಗೆ ಗೊತ್ತಿಲ್ಲ.

ಪ್ರೊಸ್ಪಿಯ ಬ್ಯಾಟಿಂಗ್ ಇದೇ ಕರ್ಸರ್ ಮಾದರಿಯ ಮೇಲೆ ನಿಂತಿದೆ. ಆದರೆ ಅಲ್ಲಿ ಕಣ್ಣು ಚೆಂಡಿನ ಪಥದ ಮೇಲೆಯೇ ನೆಟ್ಟಿರಬೇಕು, ಏಕೆಂದರೆ ಸಹಾಯಕ ಗುರುತುಗಳನ್ನು ಕಡಿಮೆ ಮಾಡಿಕೊಂಡು ಆಡಿದಾಗಲೇ ಅದರ ನಿಜವಾದ ಸೊಗಸು ಹೊರಬರುತ್ತದೆ. ಜಪಾನಿನ ಪಿಚರ್‌ಗಳ ಮುಖ್ಯ ಆಯುಧವಾದ ಫೋರ್ಕ್ ಬಾಲನ್ನೇ ನೋಡೋಣ. ನೇರವಾಗಿ ಬರುವ ವೇಗದ ಚೆಂಡಿನಂತೆ ತೋರಿ, ಪ್ಲೇಟ್‌ಗೆ ಬರುವಷ್ಟರಲ್ಲಿ ಕುಸಿದು ಬೀಳುವ ಚೆಂಡು ಇದು. 2022ರ ಏಪ್ರಿಲ್ 10ರಂದು ಚಿಬಾ ಲೊಟ್ಟೆ ತಂಡದ ರೋಕಿ ಸಾಸಾಕಿ ಎದುರಾಳಿಗಳಲ್ಲಿ ಒಬ್ಬರನ್ನೂ ಬೇಸ್ ತಲುಪಲು ಬಿಡದ ‘ಪರ್ಫೆಕ್ಟ್ ಗೇಮ್’ ಎಸೆದು, 19 ಬಾರಿ ಬ್ಯಾಟರ್‌ಗಳನ್ನು ಮೂರು ಸ್ಟ್ರೈಕ್‌ಗಳಿಂದ ಔಟ್ (ಸ್ಟ್ರೈಕ್ ಔಟ್) ಮಾಡಿ, ಅವುಗಳಲ್ಲಿ 13 ಔಟ್‌ಗಳನ್ನು ಸತತವಾಗಿ ಪಡೆದದ್ದು ಮುಖ್ಯವಾಗಿ ಅತಿವೇಗದ ನೇರ ಚೆಂಡು ಮತ್ತು ಫೋರ್ಕ್ ಎಂಬ ಈ ಜೋಡಿಯಿಂದಲೇ. ಪವಪುರೊದಲ್ಲಿ ಫೋರ್ಕ್ ಬಂದಾಗ ಗುರುತಿನ ನೆರವಿನಿಂದ ಕರ್ಸರ್ ಕೆಳಗಿಳಿಸಬಹುದು, ವೇಗದ ವ್ಯತ್ಯಾಸವಷ್ಟೇ ಕಾಡುತ್ತದೆ. ಪ್ರೊಸ್ಪಿಯಲ್ಲಿ ಗುರುತಿಲ್ಲದೆ ಆಡಿದರೆ ಬೀಸಬೇಕೋ ಬೇಡವೋ ಎಂಬುದೇ ಮೊದಲ ಪ್ರಶ್ನೆಯಾಗುತ್ತದೆ. ಬೀಸದೆ ಬಿಡುವುದು ಒಂದು ಕಲೆ ಎಂಬುದು ಅಲ್ಲಿ ಅರ್ಥವಾಗುತ್ತದೆ. ಈ ಒಂದು ವಿಷಯದಲ್ಲಿ ಪ್ರೊಸ್ಪಿಯೇ ನೈಜ, ಸಂದೇಹವಿಲ್ಲ.

ಪಿಚಿಂಗ್‌ನಲ್ಲಿಯೂ ಅದರ ಕೈ ಮೇಲು. ಪವಪುರೊದಲ್ಲಿ ಚೆಂಡಿನ ಬಗೆಯನ್ನು ಆರಿಸಿ, ಗುರಿಯನ್ನು ಸರಿಹೊಂದಿಸಿದರೆ ಉಳಿದದ್ದನ್ನು ಪಿಚರ್‌ನ ನಿಯಂತ್ರಣ ಸಾಮರ್ಥ್ಯ ನಿರ್ಧರಿಸುತ್ತದೆ. ಪ್ರೊಸ್ಪಿಯಲ್ಲಿ ಚೆಂಡನ್ನು ಕೈಬಿಡುವ ಕ್ಷಣಕ್ಕೆ ಸರಿಯಾಗಿ ಬಟನ್ ಒತ್ತಬೇಕಾಗುತ್ತದೆ. ತಪ್ಪಿದರೆ ಮೂಲೆಗೆ ಹೋಗಬೇಕಿದ್ದ ಚೆಂಡು ಬ್ಯಾಟರ್‌ಗೆ ಅನುಕೂಲವಾದ ಜಾಗಕ್ಕೆ ಬಂದುಬಿಡಬಹುದು. ಎಂಟನೆಯ ಇನಿಂಗ್ಸ್‌ನಲ್ಲಿ ಒಂದು ರನ್ನಿನ ಮುನ್ನಡೆ, ಬೇಸ್‌ಗಳಲ್ಲಿ ಎದುರಾಳಿಗಳು, ದಣಿದ ಪಿಚರ್ ಇರುವಾಗ ಆ ಒಂದು ಬಟನ್ ಒತ್ತುವಾಗಿನ ಒತ್ತಡ ಗೊಂಬೆಗಳ ಆಟದಲ್ಲಿ ಸಿಗುವಂಥದ್ದಲ್ಲ. ದೃಶ್ಯದ ವಿಷಯವನ್ನು ವಿಸ್ತರಿಸುವ ಅಗತ್ಯವಿಲ್ಲ. 1924ರಲ್ಲಿ ಕಟ್ಟಿದ ಕೋಶಿಯೆನ್ ಕ್ರೀಡಾಂಗಣದಲ್ಲಿ ಬೇಸ್‌ಗಳ ನಡುವಿನ ನೆಲವೆಲ್ಲ ಕಪ್ಪು ಮಣ್ಣಿನದೇ ಎಂಬುದನ್ನು ಕಣ್ಣಾರೆ ನೋಡಲು ಬಯಸುವವರು ಪ್ರೊಸ್ಪಿಯನ್ನೇ ಕೊಳ್ಳಬೇಕು.

ಇಷ್ಟಾದರೂ, ಪಂದ್ಯವನ್ನು ಗೆಲ್ಲಲು ನಾವು ತೆಗೆದುಕೊಳ್ಳುವ ತೀರ್ಮಾನಗಳು ನಿಜವಾದ ಜಪಾನೀ ಬೇಸ್‌ಬಾಲ್ ತಂಡದ ತೀರ್ಮಾನಗಳಂತಿವೆಯೇ ಎಂದು ಕೇಳಿದರೆ ಎರಡೂ ಗೇಮ್‌ಗಳು ಸೋಲುತ್ತವೆ. ಇದನ್ನು ಪರೀಕ್ಷಿಸಲು ನಾನು ಬಳಸುವ ಅಳತೆಗೋಲು ಬಂಟ್. ತಾನು ಔಟಾದರೂ ಸರಿಯೆಂದು ಚೆಂಡನ್ನು ಮೆಲ್ಲಗೆ ಮುಂದಕ್ಕೆ ತಳ್ಳಿ, ಬೇಸ್‌ನಲ್ಲಿರುವ ತನ್ನ ತಂಡದವನನ್ನು ಒಂದು ಬೇಸ್ ಮುಂದಕ್ಕೆ ಕಳಿಸುವ ಈ ತ್ಯಾಗದ ಹೊಡೆತ ಜಪಾನೀ ಬೇಸ್‌ಬಾಲ್‌ನ ಜೀವಾಳ. ಯೋಮಿಯುರಿ ಜೈಂಟ್ಸ್ ಮತ್ತು ಚುನಿಚಿ ತಂಡಗಳಿಗೆ ಆಡಿದ ಮಸಾಹಿರೊ ಕವಾಯಿ ತಮ್ಮ ವೃತ್ತಿಜೀವನದಲ್ಲಿ ಇಂತಹ 533 ಹೊಡೆತಗಳ ದಾಖಲೆ ಮಾಡಿ, ಅದಕ್ಕಾಗಿಯೇ ಗೌರವ ಪಡೆದವರು. ಆದರೆ ಕಂಟ್ರೋಲರ್ ಕೈಯಲ್ಲಿರುವ ಮನುಷ್ಯ ಬಂಟ್ ಮಾಡುವುದು ಅಪರೂಪ. ಕರ್ಸರ್ ತನ್ನ ಕೈಯಲ್ಲಿದೆ, ಒಂದು ಸರಿಯಾದ ಹೊಡೆತಕ್ಕೆ ಎರಡು ರನ್ ಬರುತ್ತವೆ ಎಂದ ಮೇಲೆ ಔಟನ್ನು ಯಾರು ದಾನ ಮಾಡುತ್ತಾರೆ? ಬೀಸುವ ಸಂತೋಷವನ್ನು ಕೊಟ್ಟ ಕೂಡಲೇ ಗೇಮ್ ಬಂಟ್‌ನ ಕಾರಣವನ್ನು ಕಿತ್ತುಕೊಳ್ಳುತ್ತದೆ. ನೈಜತೆ ಮತ್ತು ಮೋಜಿನ ನಡುವಿನ ನಿಜವಾದ ಜಗಳ ಇರುವುದು ಇಲ್ಲಿಯೇ ಹೊರತು ಚಿತ್ರಗಳ ಸ್ಪಷ್ಟತೆಯಲ್ಲಿ ಅಲ್ಲ. 1987ರಲ್ಲಿ ಜಲೆಕೊ ಕಂಪನಿ ತಂದ ‘ಮೊಯೆರೊ ಪ್ರೊ ಯಾಕ್ಯೂ’ ಟಿವಿಯಲ್ಲಿ ಕಾಣುವಂತೆ ಪಿಚರ್‌ನ ಬೆನ್ನ ಹಿಂದಿನ ನೋಟವನ್ನು ಫಾಮಿಕಾಮ್‌ನಲ್ಲಿ ತೋರಿಸಿ, ನೋಟದ ನೈಜತೆಯಲ್ಲಿ ತನ್ನ ಕಾಲಕ್ಕಿಂತ ಮುಂದಿತ್ತು. ಆದರೂ ಜಪಾನಿನಲ್ಲಿ ಅದು ಇಂದಿಗೂ ನೆನಪಾಗುವುದು ಬಲಿಷ್ಠ ಬ್ಯಾಟರ್‌ಗಳ ಬಂಟ್ ಕೂಡ ಬೇಲಿ ದಾಟಿ ಹೋಮ್‌ರನ್ ಆಗುತ್ತಿದ್ದ ದೋಷಕ್ಕಾಗಿ. ನೋಟವೊಂದೇ ನೈಜವಾಗಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗಾದರೆ ಬಂಟ್ ಮಾಡಲೇಬೇಕೆನಿಸುವ ಗೇಮ್ ಯಾವುದು? ನಮ್ಮ ಕೈಯಿಂದ ಬ್ಯಾಟನ್ನು ಕಿತ್ತುಕೊಂಡ ಗೇಮ್. ಇದರ ಮೂಲ 1988ರಲ್ಲಿ ಆಸ್ಕಿ ಕಂಪನಿ ಪ್ರಕಟಿಸಿದ, ಹಿರೊಯುಕಿ ಸೊನೊಬೆ ರೂಪಿಸಿದ ‘ಬೆಸ್ಟ್ ಪ್ಲೇ ಪ್ರೊ ಯಾಕ್ಯೂ’. ಮುಂದೆ ಕುದುರೆ ಸಾಕಣೆಯ ಪ್ರಸಿದ್ಧ ಗೇಮ್ ‘ಡರ್ಬಿ ಸ್ಟಾಲಿಯನ್’ ಮಾಡಿದವರೂ ಇವರೇ. ಇಲ್ಲಿ ಆಡುವವನು ಮ್ಯಾನೇಜರ್ ಮಾತ್ರ. ತಂಡವನ್ನು ಹೊಂದಿಸಿ, ಆದೇಶ ಕೊಟ್ಟು, ಪಂದ್ಯ ತಾನಾಗಿಯೇ ನಡೆಯುವುದನ್ನು ನೋಡಬೇಕು. ಸೆಗಾ ಕಂಪನಿ 1998ರಲ್ಲಿ ತನ್ನ ಸ್ಯಾಟರ್ನ್ ಯಂತ್ರಕ್ಕೆ ತಂದ ‘ಪ್ರೊ ಯಾಕ್ಯೂ ಟೀಮ್ ಮೊ ತ್ಸುಕುರೊ’ ಇನ್ನೂ ಒಂದು ಹೆಜ್ಜೆ ಮೇಲೆ ಹೋಗಿ, ತಂಡದ ಆಡಳಿತವನ್ನೇ ನಮ್ಮ ಹೆಗಲಿಗೆ ಹಾಕಿತು.

ಇಂದು ಈ ಪರಂಪರೆ ಅತ್ಯಂತ ಜೀವಂತವಾಗಿರುವುದು, ಅಚ್ಚರಿಯೆಂಬಂತೆ, ಗೊಂಬೆಗಳ ಪವಪುರೊದ ಒಳಗೆಯೇ. ಅದರ ‘ಏಕನ್ ನೈನ್’ ಎಂಬ ಮೋಡ್‌ನಲ್ಲಿ ನಾವು ಒಂದು ಪ್ರೌಢಶಾಲೆಯ ಬೇಸ್‌ಬಾಲ್ ತಂಡದ ಮ್ಯಾನೇಜರ್. ಅಂಕಿಗಳಿರುವ ಕಾರ್ಡ್‌ಗಳನ್ನು ಬಳಸಿ ಪಗಡೆಯ ಹಾಸಿನಂತಹ ಕ್ಯಾಲೆಂಡರಿನ ಮನೆಗಳನ್ನು ದಾಟುತ್ತ, ಹುಡುಗರಿಗೆ ಅಭ್ಯಾಸ ಕೊಡಿಸಬೇಕು. ಪಂದ್ಯದಲ್ಲಿ ನಿರ್ಣಾಯಕ ಘಟ್ಟಗಳು ಬಂದಾಗ ಮಾತ್ರ ಆದೇಶ ಕೊಡಬಹುದು. ಬೀಸುವುದು ಹುಡುಗನ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ಹೊಸದಾಗಿ ಸೇರಿದ ಶಾಲೆಯ ಹುಡುಗರ ಸಾಮರ್ಥ್ಯ ಕೆಳಗಿನ ದರ್ಜೆಗಳಾದ ಎಫ್, ಜಿ ಅಕ್ಷರಗಳಲ್ಲಿಯೇ ಇರುತ್ತದೆ. ಒಬ್ಬ ಹೇಗೋ ಮೊದಲ ಬೇಸ್ ತಲುಪಿದ್ದಾನೆ, ಮುಂದಿನವನು ಹೊಡೆಯುವ ಭರವಸೆಯಿಲ್ಲ, ಸೋತರೆ ಆ ಬೇಸಿಗೆಯೇ ಮುಗಿಯಿತು. ಆಗ ಯಾರೂ ಹೇಳಿಕೊಡದೆಯೇ ನಾವು ಬಂಟ್ ಎಂಬ ಆದೇಶವನ್ನು ಆರಿಸುತ್ತೇವೆ. ಜಪಾನಿನ ಮ್ಯಾನೇಜರ್‌ಗಳು ಒಂದು ಶತಮಾನದಿಂದ ಏಕೆ ಹೀಗೆ ಮಾಡುತ್ತ ಬಂದಿದ್ದಾರೆ ಎಂಬುದು ಪುಸ್ತಕ ಓದದೆ ತಿಳಿಯುತ್ತದೆ.

ಅಲ್ಲಿಯ ಕಾಲದ ಲೆಕ್ಕವೂ ನಿಜದ್ದೇ. ಬೇಸಿಗೆಯ ಟೂರ್ನಿಯಲ್ಲಿ 3,000ಕ್ಕೂ ಹೆಚ್ಚು ಶಾಲೆಗಳ ತಂಡಗಳು ಸ್ಥಳೀಯ ಸುತ್ತುಗಳಲ್ಲಿ ಸೆಣಸಿ, 49 ತಂಡಗಳು ಮಾತ್ರ ಕೋಶಿಯೆನ್‌ನಲ್ಲಿ ನಡೆಯುವ ರಾಷ್ಟ್ರೀಯ ಹಂತವನ್ನು ತಲುಪುತ್ತವೆ. ಒಂದು ಸೋಲಿಗೆ ಎಲ್ಲವೂ ಮುಗಿಯುತ್ತದೆ. ಮೂರು ವರ್ಷ ಸಾಕಿದ ಪಿಚರ್ ಗೆಲ್ಲಲಿ, ಸೋಲಲಿ, ಬೇಸಿಗೆ ಕಳೆದ ಮೇಲೆ ತಂಡ ಬಿಟ್ಟು ಹೋಗಲೇಬೇಕು. ಚಿತ್ರಣದಲ್ಲಿ ಇದು ಈ ಎಲ್ಲ ಗೇಮ್‌ಗಳ ಪೈಕಿ ಅತ್ಯಂತ ಕಡಿಮೆ ನೈಜ, ಅನುಭವದಲ್ಲಿ ಅತ್ಯಂತ ಹೆಚ್ಚು ನೈಜ. ಮೋಜೂ ಇದೆ, ಆದರೆ ಅದು ಕಾಯುವ ಮತ್ತು ಆಸೆಪಡುವ ಮೋಜು. ಬ್ಯಾಟು ಬೀಸುವ ಉತ್ಸಾಹವೇ ಮುಖ್ಯವೆನ್ನುವವರು ಇದರಿಂದ ಬೇಸರಗೊಳ್ಳಬಹುದು.

ಪವಪುರೊದ ಇನ್ನೊಂದು ಪ್ರಸಿದ್ಧ ಮೋಡ್ ‘ಸಕ್ಸೆಸ್’. 1996ರ ಮೂರನೆಯ ಆವೃತ್ತಿಯಲ್ಲಿ ಬಂದ ಇದರಲ್ಲಿ ಒಬ್ಬ ಆಟಗಾರನನ್ನು ನಿಗದಿತ ವಾರಗಳೊಳಗೆ ಬೆಳೆಸಬೇಕು. ಕನ್ನಡಕದ ಗೆಳೆಯ ಯಾಬೆ, ಶ್ರೀಮಂತ ಎದುರಾಳಿ ಇಕಾರಿ, ಶಸ್ತ್ರಚಿಕಿತ್ಸೆಯಿಂದ ಸಾಮರ್ಥ್ಯವನ್ನು ಒಮ್ಮೆಲೇ ಏರಿಸುವ ಅಥವಾ ಹಾಳುಮಾಡುವ ಡಾಕ್ಟರ್ ದೈಜೋಬು, ಇವರೆಲ್ಲ ಇಲ್ಲಿನ ಪಾತ್ರಗಳು. ಇದಕ್ಕೂ ನೈಜತೆಗೂ ಸಂಬಂಧವಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಜಪಾನೀ ಭಾಷೆ ಓದಲು ಬಾರದವರಿಗೆ ಇದು ಮುಚ್ಚಿದ ಬಾಗಿಲು ಎಂಬುದನ್ನು ನೆನಪಿಡಬೇಕು, ಏಕೆಂದರೆ ಇದರ ಸ್ವಾರಸ್ಯವೆಲ್ಲ ಸಂಭಾಷಣೆಯಲ್ಲಿದೆ.

ಇಡೀ ಋತುವನ್ನು ಆಡಲು ಬಯಸುವವರಿಗೆ ‘ಪೆನಂಟ್’ ಮೋಡ್ ಎರಡರಲ್ಲಿಯೂ ಇದೆ. ಒಂದು ಋತುವಿನಲ್ಲಿ ಪ್ರತಿ ತಂಡಕ್ಕೆ 143 ಪಂದ್ಯಗಳು, 12 ಇನಿಂಗ್ಸ್ ಆದರೂ ಇತ್ಯರ್ಥವಾಗದಿದ್ದರೆ ಪಂದ್ಯ ಸಮ. ಇಲ್ಲಿ ನೈಜತೆಯನ್ನು ಅಂಕಿಅಂಶಗಳಿಂದ ಅಳೆಯಬೇಕು. ಜಪಾನಿನಲ್ಲಿ ಒಂದು ಋತುವಿನ ಹೋಮ್‌ರನ್ ದಾಖಲೆ 2013ರಲ್ಲಿ ವ್ಲಾಡಿಮಿರ್ ಬಾಲೆಂಟಿನ್ ಹೊಡೆದ 60. ಅದಕ್ಕೆ ಮೊದಲು ಸದಹರು ಓ 1964ರಲ್ಲಿ ಹೊಡೆದ 55 ದಶಕಗಳ ಕಾಲ ಎತ್ತರದ ಗುರಿಯಾಗಿತ್ತು. 2022ರಲ್ಲಿ ಮುನೆತಾಕಾ ಮುರಾಕಾಮಿ 56 ಹೊಡೆದರು. 2024ರಲ್ಲಂತೂ ಪಿಚರ್‌ಗಳದೇ ರಾಜ್ಯ: ಎರಡೂ ಲೀಗ್‌ಗಳಲ್ಲಿ ಅರ್ಹತೆ ಪಡೆದ ಬ್ಯಾಟರ್‌ಗಳ ಪೈಕಿ .300 ಸರಾಸರಿ (ಹತ್ತು ಅವಕಾಶಗಳಲ್ಲಿ ಮೂರು ಯಶಸ್ವಿ ಹೊಡೆತ) ದಾಟಿದವರು ಮೂವರೇ. ನಿಮ್ಮ ಪೆನಂಟ್‌ನಲ್ಲಿ ನಾಲ್ಕನೆಯ ಬ್ಯಾಟರ್ 90 ಹೋಮ್‌ರನ್ ಹೊಡೆದು, ಅರ್ಧ ತಂಡ .350ರ ಮೇಲಿದ್ದರೆ ಅದು ಗೇಮ್‌ನ ತಪ್ಪಲ್ಲ, ಕಠಿಣತೆಯ ಮಟ್ಟ ಕಡಿಮೆಯಾಗಿದೆ ಎಂದರ್ಥ. ಎದುರಾಳಿಯ ಬಲವನ್ನು ಒಂದು ಹಂತ ಏರಿಸಿ, ಗುರುತುಗಳ ಸಹಾಯವನ್ನು ತಗ್ಗಿಸಿ ನೋಡಬೇಕು. ಅಂಕಿಅಂಶಗಳು ಸಹಜವಾಗಿರಬೇಕೆಂಬ ಹಂಬಲ ಬಲವಾಗಿದ್ದವರು ಹೆಚ್ಚಿನ ಪಂದ್ಯಗಳನ್ನು ಕಂಪ್ಯೂಟರ್‌ಗೇ ಬಿಟ್ಟು, ಮ್ಯಾನೇಜರ್ ಸ್ಥಾನದಲ್ಲಿ ಕುಳಿತುಕೊಳ್ಳುವುದು ಮೇಲು. ಪವಪುರೊದಲ್ಲಿ ಪ್ರತಿ ಆಟಗಾರನ ಆ ದಿನದ ಸ್ಥಿತಿಯನ್ನು ಐದು ಬಗೆಯ ಮುಖಭಾವಗಳು ತೋರಿಸುತ್ತವೆ. ಮುಖ ಬಾಡಿರುವ ತಾರೆಯನ್ನು ಕೂರಿಸಿ, ನಗುಮುಖದ ಹೊಸಬನನ್ನು ಇಳಿಸಬೇಕೇ ಎಂಬ ಪ್ರಶ್ನೆಯನ್ನು ಆ ಪುಟ್ಟ ಚಿತ್ರ ಪ್ರತಿದಿನ ಎತ್ತುತ್ತದೆ.

ಕ್ರೀಡಾಂಗಣದ ಸದ್ದಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಜಪಾನಿನಲ್ಲಿ ಬಹುತೇಕ ಪ್ರತಿ ಬ್ಯಾಟರ್‌ಗೂ ಅಭಿಮಾನಿಗಳು ತುತ್ತೂರಿ, ಡೋಲುಗಳೊಂದಿಗೆ ಹಾಡುವ ಹುರಿದುಂಬಿಕೆಯ ಹಾಡು ಇರುತ್ತದೆ. ಪ್ರೊಸ್ಪಿ ಆ ಜನಸಮೂಹದ ಅಬ್ಬರವನ್ನು ಚೆನ್ನಾಗಿ ತೋರಿಸುತ್ತದೆ. ಪವಪುರೊ ಅದನ್ನು ನಾವೇ ಸ್ವರ ಸ್ವರವಾಗಿ ರಚಿಸಲು ಬಿಡುತ್ತದೆ.

ಮನೆಯಲ್ಲಿ ಇಬ್ಬರು ಕುಳಿತು ಆಡಲು, ಅದರಲ್ಲಿಯೂ ಒಬ್ಬರಿಗೆ ಬೇಸ್‌ಬಾಲ್ ಹೊಸದಾಗಿದ್ದರೆ, ಈ ಎರಡನ್ನೂ ಬದಿಗಿಟ್ಟು ‘ಫಾಮಿಸ್ತಾ’ ಕಡೆ ನೋಡಬೇಕು. ನಿಂಟೆಂಡೊ 1983ರಲ್ಲಿ ತಂದ ‘ಬೇಸ್‌ಬಾಲ್’ ಗೇಮ್‌ನಲ್ಲಿ ಫೀಲ್ಡರ್‌ಗಳು ತಾವಾಗಿಯೇ ಓಡುತ್ತಿದ್ದರು. ನಾಮ್ಕೊ ಕಂಪನಿಯ ಫಾಮಿಸ್ತಾ 1986ರ ಡಿಸೆಂಬರ್‌ನಲ್ಲಿ ಆ ಓಟವನ್ನು ಆಡುವವರ ಕೈಗೆ ಕೊಟ್ಟಿತು. ಹಾಂಕ್ಯು, ಕಿಂತೆತ್ಸು, ನಂಕೈ ಎಂಬ ಮೂರು ರೈಲ್ವೆ ಕಂಪನಿಗಳ ತಂಡಗಳನ್ನು ಕಲಸಿ ‘ರೈಲ್ವೇಸ್’ ಎಂಬ ಒಂದೇ ತಂಡ ಮಾಡಿದ ಧೈರ್ಯ ಅದರದು. ನಾಮ್ಕೊ ಸ್ಟಾರ್ಸ್ ತಂಡದ ಪಿನೊ ಎಂಬ ಕಾಲ್ಪನಿಕ ಆಟಗಾರನ ಓಟದ ವೇಗಕ್ಕೆ ಮಿತಿಯೇ ಇರಲಿಲ್ಲ. ಇಲ್ಲಿ ಬ್ಯಾಟರನ್ನು ಪಕ್ಕಕ್ಕೆ ಸರಿಸಿ ಒಂದು ಬಟನ್ ಒತ್ತಿದರೆ ಸಾಕು, ಕರ್ಸರ್‌ನ ಗೋಜಿಲ್ಲ. ಸ್ವಿಚ್‌ನ ‘ಪ್ರೊ ಯಾಕ್ಯೂ ಫಾಮಿಸ್ತಾ 2020’ ಕೂಡ ಅದೇ ಸರಳತೆಯನ್ನು ಉಳಿಸಿಕೊಂಡಿದೆ. ನೈಜತೆಯ ಯಾವ ಅಳತೆಗೂ ಇದು ನಿಲ್ಲುವುದಿಲ್ಲ. ಆದರೆ ಪಕ್ಕದಲ್ಲಿ ಕುಳಿತವರು ಐದೇ ನಿಮಿಷದಲ್ಲಿ ಆಟ ಕಲಿತು ನಿಮ್ಮನ್ನು ಸೋಲಿಸಬಲ್ಲರು.

ಭಾಷೆಯ ತೊಡಕು ಭಾರತದಲ್ಲಿ ಕುಳಿತು ಆಡುವವರಿಗೆ ಸಣ್ಣ ವಿಷಯವಲ್ಲ. ಪಂದ್ಯದಲ್ಲಿ ಬೇಕಾಗುವ ಪದಗಳು ಕೆಲವೇ ಆಗಿರುವುದರಿಂದ ಅವುಗಳ ಆಕಾರ ನೋಡಿಯೇ ಗುರುತು ಹಿಡಿಯಬಹುದು. ಆದರೆ ಏಕನ್ ನೈನ್ ಮತ್ತು ಪೆನಂಟ್‌ಗಳಿಗೆ ಫೋನಿನ ಕ್ಯಾಮೆರಾ ಅನುವಾದ ಹಿಡಿದು ಸಾಕಷ್ಟು ತಾಳ್ಮೆಯಿಂದ ಕೂರಬೇಕಾಗುತ್ತದೆ. ಇಂಗ್ಲಿಷ್‌ನಲ್ಲಿ ಪವಪುರೊದ ರುಚಿ ನೋಡಲು ಅತಿ ಸುಲಭವಾದ ದಾರಿ 2023ರಲ್ಲಿ ಪ್ಲೇಸ್ಟೇಷನ್ 4 ಮತ್ತು ಸ್ವಿಚ್‌ಗೆ ಬಹಳ ಅಗ್ಗದ ಬೆಲೆಗೆ ಬಂದ ‘ಡಬ್ಲ್ಯುಬಿಎಸ್‌ಸಿ ಇಬೇಸ್‌ಬಾಲ್: ಪವರ್ ಪ್ರೋಸ್’. ಅದೇ ವರ್ಷ ಸಿಂಗಾಪುರದಲ್ಲಿ ನಡೆದ ಒಲಿಂಪಿಕ್ ಇಸ್ಪೋರ್ಟ್ಸ್ ಸರಣಿಯ ಬೇಸ್‌ಬಾಲ್ ವಿಭಾಗವನ್ನು ಆಡಿದ್ದು ಇದರಲ್ಲಿಯೇ. ಇದರಲ್ಲಿ ವೃತ್ತಿಪರ ತಂಡಗಳಿಲ್ಲ, ಏಕನ್ ನೈನ್ ಕೂಡ ಇಲ್ಲ, ಆದರೆ ಕರ್ಸರ್‌ನಿಂದ ಹೊಡೆಯುವ ಅನುಭವ ಪೂರ್ತಿಯಾಗಿ ಸಿಗುತ್ತದೆ. ಅದು ಹಿಡಿಸದಿದ್ದರೆ ದುಬಾರಿಯಾದ ಮೂಲ ಗೇಮ್ ಕೊಳ್ಳುವ ಅಗತ್ಯವೇ ಇಲ್ಲ. ಹಳೆಯ ವೀ ಅಥವಾ ಪ್ಲೇಸ್ಟೇಷನ್ 2 ಇನ್ನೂ ಮನೆಯಲ್ಲಿದ್ದವರು 2007ರ ‘ಎಂಎಲ್‌ಬಿ ಪವರ್ ಪ್ರೋಸ್’ ಹುಡುಕಬಹುದು. ಸಕ್ಸೆಸ್ ಮೋಡ್ ಇಂಗ್ಲಿಷ್‌ನಲ್ಲಿ ಸಿಗುವುದು ಅಲ್ಲಿ.

ಫೋನಿನಲ್ಲಿ ಆಡುವವರಿಗೆ 2015ರಿಂದ ನಡೆಯುತ್ತಿರುವ ‘ಪ್ರೊಸ್ಪಿ ಎ’ ಮತ್ತು ಜಪಾನಿನ ತಾರೆ ಶೋಹೇ ಒತಾನಿ ಪ್ರಚಾರದ ಮುಖವಾಗಿರುವ, ಅಮೆರಿಕದ ಲೀಗ್ ಆಧಾರಿತ ‘ಎಂಎಲ್‌ಬಿ ಪ್ರೊ ಸ್ಪಿರಿಟ್’ ಇವೆ. ಎರಡರ ಚಿತ್ರಣವೂ ಉತ್ತಮವಾಗಿದೆ. ಆದರೆ ಆಟಗಾರರನ್ನು ಅದೃಷ್ಟದ ಎಳೆತದಿಂದ ಸಂಗ್ರಹಿಸಬೇಕಾದ ಕಡೆ, ತಂಡ ಕಟ್ಟುವ ತೀರ್ಮಾನ ಹಣ ಮತ್ತು ಅದೃಷ್ಟದ ಕೈಗೆ ಹೋಗುತ್ತದೆ. ಬಂಟ್ ಮಾಡಬೇಕೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಯಾವುದನ್ನು ಕೊಂಡರೂ ಆಡುವ ಮೊದಲು ಟಿವಿಯ ಗೇಮ್ ಮೋಡ್ ಆನ್ ಮಾಡಿಕೊಳ್ಳುವುದು ಅತ್ಯವಶ್ಯ. ಚೆಂಡಿಗೆ ಇರುವುದೇ 0.4 ಸೆಕೆಂಡ್ ಎಂದಾಗ, ಚಿತ್ರವನ್ನು ಸುಂದರಗೊಳಿಸಲು ಟಿವಿ ತೆಗೆದುಕೊಳ್ಳುವ ಸೆಕೆಂಡಿನ ಹತ್ತನೆಯ ಒಂದು ಭಾಗ ಕೂಡ ಬ್ಯಾಟಿಂಗನ್ನು ಅಸಾಧ್ಯವಾಗಿಸಬಲ್ಲದು. ಅದರ ಪರಿಣಾಮ ಅತಿ ಹೆಚ್ಚಾಗಿ ಕಾಣುವುದು ಗುರುತುಗಳಿಲ್ಲದೆ ಆಡುವ ಪ್ರೊಸ್ಪಿಯಲ್ಲಿ, ಸ್ವಲ್ಪವೂ ಕಾಣದಿರುವುದು ಏಕನ್ ನೈನ್‌ನಲ್ಲಿ. ಟಿವಿ ಹಳೆಯದಾಗಿದ್ದು ಈ ವಿಳಂಬವನ್ನು ತಪ್ಪಿಸಲಾಗದಿದ್ದರೆ, ಸ್ವಿಚ್ ಇರುವವರು ಅದರದೇ ಪರದೆಯಲ್ಲಿ ಪವಪುರೊ ಆಡುವುದು ಒಳ್ಳೆಯದು.